ಶೀಟಿನ ಮೇಲೆ ಮಳೆ ಹೊಯ್ಯುವಾಗ ಯಾವ ಹೆಡ್‌ಫೋನ್‌?

ಹೊರಗಿನ ಸದ್ದು ತಡೆಯುವ ಹೆಡ್‌ಫೋನ್‌ ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ, ನಿಮಗೆ ಕಾಟ ಕೊಡುತ್ತಿರುವ ಸದ್ದು ಯಾವುದು? ದುಡ್ಡು ಎಷ್ಟಿದೆ ಅನ್ನುವುದು ಆಮೇಲಿನ ಮಾತು. ಒಬ್ಬರಿಗೆ 2,000 ರೂಪಾಯಿಯ ಇಯರ್‌ಫೋನ್‌ ಧಾರಾಳ ಸಾಕು. ಇನ್ನೊಬ್ಬರು 20,000 ಕೊಟ್ಟು ತಂದರೂ ಅವರ ಮನೆಯ ಸದ್ದಿಗೆ ಅದು ಜಗ್ಗುವುದಿಲ್ಲ.

ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಕೂತು ಕನ್ನಡ ವಿಡಿಯೋಗಳಿಗೆ ಸಬ್‌ಟೈಟಲ್‌ ಬರೆಯುತ್ತೇನೆ. ಕೆಲಸ ಕೊಡುವವರು ಬೆಂಗಳೂರಿನಲ್ಲಿದ್ದಾರೆ. ಅವರು ಕಳಿಸಿದ ರೆಕಾರ್ಡಿಂಗ್‌ ಕೇಳಬೇಕು, ಅಕ್ಷರ ಬಿಡದ ಹಾಗೆ ಟೈಪ್‌ ಮಾಡಬೇಕು. ಅಂದರೆ ನನ್ನ ಅನ್ನ ಕಿವಿಯಿಂದ ಬರುತ್ತದೆ. ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡಿದ್ದೇನೆ.

ಹಳ್ಳಿಯಲ್ಲಿ ಏನು ಸದ್ದು ಅಂತ ಕೇಳುವವರಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮನೆಗೆ ಹೆಂಚು ಇದ್ದರೂ ಅಂಗಳಕ್ಕೆ ತಗಡಿನ ಶೀಟ್‌ ಹೊದಿಸಿದ್ದೇವೆ. ನನ್ನ ಮೇಜು ಇರುವ ಕಿಟಕಿ ಸರಿಯಾಗಿ ಅದರ ಕೆಳಗೆ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ ಮಳೆಯಾಗುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಶೀಟಿನ ಮೇಲೆ ಜೋರು ಮಳೆ ಹೊಯ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಮಳೆ ಬಿಟ್ಟು ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ಅಡಿಕೆ ಸುಲಿಯುವ ಯಂತ್ರ. ನಡುನಡುವೆ ತೋಟದಲ್ಲಿ ಕಳೆ ಹೊಡೆಯುವ ಯಂತ್ರ. ಒಳಗಡೆ ಮಿಕ್ಸಿ, ಜಗುಲಿಯಲ್ಲಿ ಮಾವನವರ ಟಿ.ವಿ. ಇಷ್ಟರಲ್ಲಿ ಪ್ರತಿಯೊಂದೂ ಬೇರೆ ಥರದ ಸದ್ದು. ಒಂದೇ ಹೆಡ್‌ಫೋನ್‌ ಎಲ್ಲದಕ್ಕೂ ಒಂದೇ ಥರ ಕೆಲಸ ಮಾಡುವುದಿಲ್ಲ.

ಎಎನ್‌ಸಿ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರಲ್ಲ, ಆಕ್ಟಿವ್‌ ನಾಯ್ಸ್‌ ಕ್ಯಾನ್ಸಲೇಶನ್‌, ಅದರ ಕೆಲಸ ಹೀಗೆ. ಹೆಡ್‌ಫೋನ್‌ನಲ್ಲಿರುವ ಪುಟ್ಟ ಮೈಕು ಹೊರಗಿನ ಸದ್ದನ್ನು ಹಿಡಿಯುತ್ತದೆ. ಒಳಗಿನ ಚಿಪ್‌ ಆ ಸದ್ದಿನ ಅಲೆಗೆ ಸರಿಯಾಗಿ ಉಲ್ಟಾ ಇರುವ ಅಲೆ ತಯಾರಿಸಿ ಸ್ಪೀಕರ್‌ನಿಂದ ಬಿಡುತ್ತದೆ. ಒಂದು ಅಲೆಯ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಎರಡೂ ಅಡಗುತ್ತವೆ. ಇದು ಹೊಸ ಯೋಚನೆ ಏನಲ್ಲ. ಜರ್ಮನಿಯ ಪಾಲ್‌ ಲ್ಯೂಗ್‌ ಎಂಬುವರಿಗೆ 1936ರಲ್ಲೇ ಇದರ ಮೇಲೆ ಅಮೆರಿಕದ ಪೇಟೆಂಟ್‌ ಸಿಕ್ಕಿತ್ತು. ಇದನ್ನು ಕಿವಿಗೆ ತಂದವರಲ್ಲಿ ದೊಡ್ಡ ಹೆಸರು ಅಮರ್‌ ಬೋಸ್‌. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. 1978ರಲ್ಲಿ ಬೋಸ್‌ ಯುರೋಪಿನಿಂದ ವಾಪಸಾಗುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್‌ನಲ್ಲಿ ಎಂಜಿನ್‌ ಸದ್ದಿನ ಕಾಟಕ್ಕೆ ಹಾಡೇ ಕೇಳಲಿಲ್ಲ. ಅವರು ವಿಮಾನದಲ್ಲೇ ಕೂತು ಲೆಕ್ಕ ಹಾಕಲು ಶುರು ಮಾಡಿದರು. ಅವರ ಕಂಪನಿ ಪೈಲಟ್‌ಗಳಿಗೆ ಮಾಡಿದ ಹೆಡ್‌ಸೆಟ್‌ ಮಾರುಕಟ್ಟೆಗೆ ಬಂದದ್ದು 1989ರಲ್ಲಿ.

ಇದನ್ನು ಯಾಕೆ ಹೇಳಿದೆ ಅಂದರೆ, ಈ ವಿದ್ಯೆ ಬೆಳೆದಿದ್ದೇ ವಿಮಾನದ ಗುಂಯ್‌ ಸದ್ದಿಗಾಗಿ. ಒಂದೇ ಸಮನೆ ಬರುವ ದಪ್ಪ ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಫ್ಯಾನು, ಎ.ಸಿ., ಬಸ್ಸಿನ ಎಂಜಿನ್‌, ಜನರೇಟರ್‌, ಅಡಿಕೆ ಯಂತ್ರದ ಮೋಟಾರು. ಹೆಚ್ಚುಕಡಿಮೆ 1,000 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 1,000 ಅಲೆಗಿಂತ, ಕೆಳಗಿನ ಸದ್ದು ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಮೇಲೆ ಹೋದ ಹಾಗೆ ಅಲೆಗಳು ತೀರಾ ಸಣ್ಣದಾಗುತ್ತವೆ, ಉಲ್ಟಾ ಅಲೆ ಸರಿಯಾದ ಹೊತ್ತಿಗೆ ಕೂಡುವುದಿಲ್ಲ. ಪಾತ್ರೆ ಬಿದ್ದ ಸದ್ದು, ಹಾರ್ನು, ಮಕ್ಕಳ ಕಿರುಚಾಟ, ಪಕ್ಕದವರ ಮಾತು, ಇವು ನುಸುಳಿ ಬರುತ್ತವೆ.

ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. ತೀರ್ಥಹಳ್ಳಿಯಿಂದ ಮಂಡಗದ್ದೆ ಮೇಲೆ 60 ಕಿಲೋಮೀಟರ್‌ ಆಸುಪಾಸಿನ ದಾರಿ. ಎಎನ್‌ಸಿ ಹಾಕಿದ ಕೂಡಲೇ ಎಂಜಿನ್ನಿನ ಗುಡುಗುಡು ತಟ್ಟನೆ ಕೆಳಗಿಳಿಯುತ್ತದೆ. ಆದರೆ ಡ್ರೈವರ್‌ ಹಾಕಿದ ಹಾಡು ಹಾಗೇ ಇರುತ್ತದೆ. ಎಂಜಿನ್‌ ಸದ್ದು ಅಡಗಿದ್ದಕ್ಕೆ ಅದು ಇನ್ನೂ ಚೆನ್ನಾಗಿ ಕೇಳುತ್ತದೆ. ಹೆಡ್‌ಫೋನ್‌ ಹಾಳಾಗಿದೆ ಅಂತ ಅಂದುಕೊಳ್ಳಬೇಡಿ. ಅದು ಇರುವುದೇ ಹಾಗೆ.

ಇನ್ನು ಮಳೆ. ನಮ್ಮ ಕಡೆಯವರು ಸರಿಯಾಗಿ ತಿಳಿಯಬೇಕಾದ್ದು ಇದನ್ನೇ. ತಗಡಿನ ಮೇಲೆ ಬೀಳುವ ಮಳೆಯಲ್ಲಿ ದಪ್ಪ ಸದ್ದೂ ಇದೆ, ತೆಳು ಸದ್ದೂ ಇದೆ, ಎಲ್ಲ ಕಲಸಿಕೊಂಡು ಬರುತ್ತದೆ. ನನ್ನ ಕೆಲಸದಲ್ಲಿ ಅದು ನುಂಗುವುದು ಸ, ಶ, ಚ ಇಂಥ ಅಕ್ಷರಗಳನ್ನು. ಇವುಗಳ ಸದ್ದು ಹೆಚ್ಚಾಗಿ 2,000 ಹರ್ಟ್ಸ್‌ಗಿಂತ ಮೇಲೆ ಇರುತ್ತದೆ. ‘ಸಾಲ’ ಅಂದರಾ ‘ಶಾಲೆ’ ಅಂದರಾ ಅಂತ ಮತ್ತೆ ಮತ್ತೆ ಹಿಂದೆ ಹೋಗಿ ಕೇಳಬೇಕಾಗುತ್ತದೆ. ಎಎನ್‌ಸಿ ಆನ್‌ ಮಾಡಿದರೆ ಮಳೆಯ ಬುಡದ ಮೊರೆತ ಇಳಿಯುತ್ತದೆ, ಮೇಲಿನ ಚಟಪಟ ಉಳಿಯುತ್ತದೆ. ಆ ಚಟಪಟವನ್ನು ತಡೆಯುವುದು ಚಿಪ್‌ ಅಲ್ಲ, ಕಿವಿಯ ಸುತ್ತ ಕೂರುವ ದಿಂಬು ಅಥವಾ ಕಿವಿಯೊಳಗೆ ಹೋಗುವ ರಬ್ಬರ್‌ ಟಿಪ್‌. ಗಾಳಿ ಆಡದ ಹಾಗೆ ಅದು ಮುಚ್ಚಿಕೊಂಡರೆ ಅರ್ಧ ಕೆಲಸ ಕರೆಂಟಿಲ್ಲದೆಯೇ ಆಗುತ್ತದೆ. ಹಾಗಾಗಿ ಕಡಿಮೆ ದುಡ್ಡಿನಲ್ಲಿ ತಗೊಳ್ಳುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಮೊದಲು ಕಿವಿಗೆ ಸರಿಯಾಗಿ ಕೂರುತ್ತದಾ ನೋಡಿ. ಎಎನ್‌ಸಿ ಎಷ್ಟು ಜೋರಿದೆ ಅನ್ನುವುದು ಎರಡನೆಯದು.

ಕೂರುವುದು ಅಂದರೆ ಏನು ಅಂತ ಹೇಳುತ್ತೇನೆ, ಯಾಕಂದರೆ ಮೊಬೈಲ್‌ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಾನು ಓಲೆ ಹಾಕುತ್ತೇನೆ. ತಲೆಗೆ ಹಾಕುವ ಹೆಡ್‌ಫೋನ್‌ನ ದಿಂಬು ಸಣ್ಣದಾಗಿದ್ದರೆ ಅದು ಕಿವಿಯ ಹಾಲೆಯ ಮೇಲೆಯೇ ಕೂರುತ್ತದೆ. ಓಲೆಯ ಹಿಂದಿನ ತಿರುಪು ಕುತ್ತಿಗೆಯ ಹತ್ತಿರದ ಚರ್ಮಕ್ಕೆ ಒತ್ತುತ್ತದೆ. ಮೊದಲ ಹತ್ತು ನಿಮಿಷ ಏನೂ ಅನ್ನಿಸುವುದಿಲ್ಲ. ಒಂದು ತಾಸು ಕಳೆದರೆ ಅಲ್ಲಿ ಕೆಂಪಗೆ ಗುಂಡಿ ಬಿದ್ದಿರುತ್ತದೆ, ಮುಟ್ಟಿದರೆ ಉರಿ. ನೋವಿಗೆ ನಾವು ಗೊತ್ತಿಲ್ಲದೆಯೇ ದಿಂಬನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತೇವೆ, ಅಲ್ಲಿಗೆ ಸಂದು ಬಿಟ್ಟಿತು, ಮಳೆ ಒಳಗೆ ಬಂತು. ಹಾಗಾಗಿ ದಿಂಬಿನ ಒಳಗಿನ ಜಾಗ ದೊಡ್ಡದಿರಬೇಕು. ಪೂರ್ತಿ ಕಿವಿ, ಹಾಲೆ, ಓಲೆ ಎಲ್ಲ ಅದರೊಳಗೆ ಇಳಿಯಬೇಕು. ಕಿವಿಯ ಮೇಲೆ ಕೂರುವ ಚಿಕ್ಕ ಮಾಡೆಲ್‌ಗಳು ಸದ್ದು ತಡೆಯಲಿಕ್ಕೆ ಬೇಡವೇ ಬೇಡ.

ಕನ್ನಡಕದವರಿಗೂ ಇದೇ ಕಥೆ. ಕನ್ನಡಕದ ಕಡ್ಡಿ ದಿಂಬನ್ನು ಎತ್ತಿ ಹಿಡಿಯುತ್ತದೆ, ಆ ಸಂದಿನಲ್ಲಿ ಸದ್ದು ಸೋರುತ್ತದೆ. ತೆಳು ಲೋಹದ ಕಡ್ಡಿಯಾದರೆ ಅಷ್ಟು ತೊಂದರೆ ಇಲ್ಲ. ದಪ್ಪ ಪ್ಲಾಸ್ಟಿಕ್ಕಿನ ಫ್ರೇಮ್‌ ಇದ್ದವರು ಮೆತ್ತಗಿನ, ದಪ್ಪ ದಿಂಬಿರುವುದನ್ನೇ ನೋಡಿ, ಇಲ್ಲವಾದರೆ ಕಿವಿಯೊಳಗೆ ಹಾಕುವುದಕ್ಕೆ ಹೋಗಿ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಶಿವಮೊಗ್ಗದ ನೆಹರೂ ರಸ್ತೆಯ ಕಡೆ ಹೋದರೆ ತಲೆಗೆ ಹಾಕುವ ಹೆಡ್‌ಫೋನ್‌ ತೆಗೆದು ತೋರಿಸುವ ಅಂಗಡಿ ಸಿಗುತ್ತದೆ. ಕೇಳಿ, ಸಂಕೋಚ ಬೇಡ. ತಬಲಾನೋ ಡೊಳ್ಳೋ ಇರುವ ಹಾಡು ಹಾಕಿ. ಎರಡೂ ಕೈಯಿಂದ ದಿಂಬನ್ನು ಮೆಲ್ಲಗೆ ಕಿವಿಗೆ ಒತ್ತಿ. ಒತ್ತಿದಾಗ ದಪ್ಪ ಸದ್ದು ಜಾಸ್ತಿಯಾದರೆ, ಒತ್ತದಿದ್ದಾಗ ಸೋರುತ್ತಿದೆ ಅಂತ ಅರ್ಥ. ಒತ್ತಿದರೂ ಬಿಟ್ಟರೂ ಒಂದೇ ಥರ ಇದ್ದರೆ ಅದು ನಿಮ್ಮ ತಲೆಗೆ ಸರಿಯಾಗಿದೆ. ಆಮೇಲೆ ಹಾಡು ನಿಲ್ಲಿಸಿ, ಎಎನ್‌ಸಿ ಮಾತ್ರ ಆನ್‌ ಮಾಡಿ ಫ್ಯಾನಿನ ಕೆಳಗೆ ನಿಲ್ಲಿ. ರಸ್ತೆ ಪಕ್ಕ ಬಸ್ಸೋ ಲಾರಿಯೋ ಎಂಜಿನ್‌ ಆಫ್‌ ಮಾಡದೆ ನಿಂತಿದ್ದರೆ ಇನ್ನೂ ಒಳ್ಳೆಯದು. ಸದ್ದು ಇಳಿಯಬೇಕು. ತೀರಾ ಅಗ್ಗದವುಗಳಲ್ಲಿ ಹೊರಗಿನ ಸದ್ದು ಇಳಿದು, ಅದರ ಬದಲು ಸ್‌ಸ್‌ ಅಂತ ಒಂದು ಸಣ್ಣ ಸದ್ದು ಒಳಗೇ ಶುರುವಾಗುತ್ತದೆ. ಕೆಲವರಿಗೆ ಘಾಟಿ ಇಳಿಯುವಾಗ ಕಿವಿ ಕಟ್ಟಿದ ಹಾಗೆ ಅನ್ನಿಸುತ್ತದೆ. ಎರಡೂ ಐದು ನಿಮಿಷ ಹಾಕಿಕೊಂಡು ನಿಂತರೆ ಮಾತ್ರ ಗೊತ್ತಾಗುತ್ತದೆ.

ಕಿವಿಯೊಳಗೆ ಹಾಕುವುದನ್ನು ಅಂಗಡಿಯವರು ಹಾಕಿ ನೋಡಲು ಬಿಡುವುದಿಲ್ಲ, ಅದು ಸರಿಯೂ ಹೌದು. ಅದರ ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಜೊತೆ ಟಿಪ್‌ ಸಾಮಾನ್ಯವಾಗಿ ಇರುತ್ತವೆ. ಎಷ್ಟೋ ಜನ ಅದರಲ್ಲಿ ಮೊದಲೇ ಸಿಕ್ಕಿಸಿದ ಮಧ್ಯಮವನ್ನು ಬದಲಿಸುವುದೇ ಇಲ್ಲ. ಮೂರನ್ನೂ ಹಾಕಿ ನೋಡಿ. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಅಳತೆ ಬೇಕಾಗುವುದೂ ಉಂಟು. ಸ್ಪಂಜಿನ ಹಾಗೆ ಅಮುಕಿ ಹಾಕುವ ಫೋಮ್‌ ಟಿಪ್‌ ಬೇರೆ ಸಿಗುತ್ತದೆ, ಅದು ಮಳೆ ಸದ್ದಿಗೆ ಬಹಳ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ನಮ್ಮ ಪಕ್ಕದ ಮನೆ ಹುಡುಗ ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದಾನೆ. ಪರೀಕ್ಷೆ ಹತ್ತಿರ ಬಂತು, ರೂಮಿನಲ್ಲಿ ಗಲಾಟೆ ಅಂತ ಒಂದು ನೆಕ್‌ಬ್ಯಾಂಡ್‌ ತಗೊಂಡ. ಡಬ್ಬಿಯ ಮೇಲೆ ‘ನಾಯ್ಸ್‌ ಕ್ಯಾನ್ಸಲೇಶನ್‌’ ಅಂತ ದೊಡ್ಡದಾಗಿ ಇತ್ತು. ಊರಿಗೆ ಬಂದಾಗ, “ಅಕ್ಕ, ಇದು ಆನ್‌ ಮಾಡೋದು ಎಲ್ಲಿ ನೋಡಿ, ಏನೂ ವ್ಯತ್ಯಾಸ ಇಲ್ಲ” ಅಂದ. ಡಬ್ಬಿ ತಿರುಗಿಸಿ ನೋಡಿದರೆ ಹಿಂದೆ ಸಣ್ಣ ಅಕ್ಷರದಲ್ಲಿ ಇಎನ್‌ಸಿ ಅಂತ ಇತ್ತು. ಇಎನ್‌ಸಿ ನಮ್ಮ ಕಿವಿಗಲ್ಲ. ಫೋನಿನಲ್ಲಿ ನಾವು ಮಾತಾಡುವಾಗ ನಮ್ಮ ಸುತ್ತಲಿನ ಸದ್ದು ಆ ಕಡೆಯವರಿಗೆ ಹೋಗದ ಹಾಗೆ ಮೈಕು ಸೋಸುತ್ತದೆ, ಅಷ್ಟೇ. ಪಾಪ, ಅವನು ಕೂಡಿಟ್ಟ ದುಡ್ಡು. ಓದುವ ಮಕ್ಕಳಿಗೆ ಹೀಗಾದರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. ತಗೊಳ್ಳುವ ಮೊದಲು ಎ ಇದೆಯಾ ಇ ಇದೆಯಾ ಓದಿ.

ಅವನಿಗೆ ನಾನು ಆಮೇಲೆ ಕೊಡಿಸಿದ್ದು ಫೋಮ್‌ ಇಯರ್‌ಪ್ಲಗ್‌. ಹಾಡು ಬೇಡ, ಸುಮ್ನೆ ಓದಬೇಕು ಅನ್ನುವವರಿಗೆ ಇದಕ್ಕಿಂತ ಅಗ್ಗದ್ದು ಇಲ್ಲ. ಒಂದು ಮಸಾಲೆ ದೋಸೆಯ ದುಡ್ಡಿಗೆ ಒಂದೆರಡು ಜೊತೆ ಬರುತ್ತದೆ. 3ಎಂ ಕಂಪನಿಯ 1100 ಅನ್ನುವ ಕಿತ್ತಳೆ ಬಣ್ಣದ್ದಕ್ಕೆ ಎನ್‌ಆರ್‌ಆರ್‌, ಅಂದರೆ ಸದ್ದು ಎಷ್ಟು ತಡೆಯುತ್ತದೆ ಅನ್ನುವ ಅಂಕಿ, 29 ಡೆಸಿಬೆಲ್‌ ಅಂತ ರೇಟಿಂಗ್‌ ಇದೆ (ಡೆಸಿಬೆಲ್‌ ಅಂದರೆ ಸದ್ದಿನ ಜೋರಿನ ಅಳತೆ). ಹಾಕುವ ಕ್ರಮ ಮುಖ್ಯ. ಕೈ ತೊಳೆದುಕೊಂಡು ಅದನ್ನು ಬೆರಳಿನ ನಡುವೆ ತಿರುವಿ ಬತ್ತಿಯ ಹಾಗೆ ಸಣ್ಣ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಬೇಕು. ಆಗ ಕಿವಿಯ ದಾರಿ ನೆಟ್ಟಗಾಗುತ್ತದೆ, ಬತ್ತಿ ಸಲೀಸಾಗಿ ಒಳಗೆ ಹೋಗುತ್ತದೆ. ಅದು ಉಬ್ಬಿ ತುಂಬಿಕೊಳ್ಳುವವರೆಗೆ ಬೆರಳಿಟ್ಟು ತಡೆದಿರಬೇಕು. ಹೀಗೆ ಮಾಡದೆ ಬರೀ ಚುಚ್ಚಿಕೊಂಡರೆ ಅರ್ಧಕ್ಕರ್ಧ ಸದ್ದು ಒಳಗೆ ಬರುತ್ತದೆ.

ಡಬ್ಬಿಯ ಮೇಲಿನ ಡೆಸಿಬೆಲ್‌ ಬಗ್ಗೆಯೂ ಎರಡು ಮಾತು. 32 ಡಿಬಿ, 45 ಡಿಬಿ, 50 ಡಿಬಿ ಅಂತ ಪೈಪೋಟಿ ಮೇಲೆ ಬರೆಯುತ್ತಾರೆ. ಅದು ಅವರಿಗೆ ಅತಿ ಹೆಚ್ಚು ಸಿಕ್ಕಿದ ಅಂಕಿ, ಯಾವುದೋ ಒಂದು ದಪ್ಪ ಸದ್ದಿನ ಹತ್ತಿರ ಸಿಕ್ಕಿದ್ದು. ಎಲ್ಲ ಸದ್ದಿಗೂ ಅಷ್ಟು ಇಳಿಯುವುದಿಲ್ಲ. 10 ಡೆಸಿಬೆಲ್‌ ಇಳಿದರೆ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧವಾದ ಹಾಗೆ ಅನ್ನಿಸುತ್ತದೆ. ಆ ಅಂಕಿ ನೋಡಿ ಎರಡು ಮಾಡೆಲ್‌ ಹೋಲಿಸಲು ಹೋಗಬೇಡಿ.

ಬಡ್ಸ್‌ ತಗೊಳ್ಳಲಾ, ನೆಕ್‌ಬ್ಯಾಂಡಾ, ತಲೆಗೆ ಹಾಕುವುದಾ? ಪೇಟೆಯಲ್ಲಿದ್ದವರಿಗೆ ಯಾವುದಾದರೂ ಆಗುತ್ತದೆ. ನಮಗೆ ಕರೆಂಟಿನ ಲೆಕ್ಕ ಇದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್‌ ಹೋದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಇನ್ವರ್ಟರ್‌ ಚಾರ್ಜು ಲ್ಯಾಪ್‌ಟಾಪಿಗೆ, ಮೋಡೆಮ್ಮಿಗೆ ಬೇಕು. ಬಡ್ಸ್‌ ಕೆಲವೇ ತಾಸಿಗೆ ಡಬ್ಬಿಗೆ ಹೋಗಬೇಕು. ತಲೆಗೆ ಹಾಕುವ ಸೌಂಡ್‌ಕೋರ್‌ ಕ್ಯೂ20ಐ ಎಎನ್‌ಸಿ ಹಾಕಿಯೂ 40 ತಾಸು ಬರುತ್ತದೆ ಅಂತ ಕಂಪನಿ ಹೇಳುತ್ತದೆ. ನಾನು ಬಳಸುವುದು ಅದನ್ನೇ. ಶಿವಮೊಗ್ಗದಲ್ಲಿರುವ ನನ್ನ ತಂಗಿಯ ಹತ್ತಿರ ಸೋನಿಯ ಡಬ್ಲ್ಯೂಎಚ್‌-ಸಿಎಚ್‌720ಎನ್‌ ಇದೆ. 2023ರಲ್ಲಿ ಬಂದ ಮಾಡೆಲ್‌. ಎಎನ್‌ಸಿ ಜೊತೆ 35 ತಾಸು. ತೂಕ ಬರೀ 192 ಗ್ರಾಂ. ಹಾಕಿಕೊಂಡು ಕೂತರೆ ತಲೆಯ ಮೇಲೆ ಏನೋ ಇದೆ ಅಂತಲೇ ಅನ್ನಿಸುವುದಿಲ್ಲ, ಮಾತಿನ ಸ್ಪಷ್ಟತೆಯೂ ನನ್ನದಕ್ಕಿಂತ ಒಂದು ಕೈ ಮೇಲು. ದುಡ್ಡಿದ್ದರೆ ಅದನ್ನೇ ತಗೊಳ್ಳಿ ಅನ್ನುತ್ತೇನೆ. ನಾನು ನೋಡುವಾಗ ಅದಕ್ಕೆ ನನ್ನದರ ಸುಮಾರು ಎರಡರಷ್ಟು ಬೆಲೆ ಇತ್ತು, ಅದಕ್ಕೆ ಬಿಟ್ಟೆ. ಎರಡಕ್ಕೂ ವೈರ್‌ ಹಾಕುವ ತೂತು ಇದೆ. ನಮ್ಮ ಕಡೆಯವರು ಅದಿಲ್ಲದ್ದನ್ನು ತಗೊಳ್ಳಬೇಡಿ. ಬ್ಯಾಟರಿ ಖಾಲಿಯಾದರೂ ಕೆಲಸ ನಿಲ್ಲುವುದಿಲ್ಲ.

ಮೇಜು ಬಿಟ್ಟು ಏಳುವುದೇ ಇಲ್ಲ, ಮಳೆಯೊಂದೇ ತೊಂದರೆ ಅನ್ನುವವರಿಗೆ ಎಎನ್‌ಸಿ ಇಲ್ಲದ, ಹಿಂಭಾಗ ಪೂರ್ತಿ ಮುಚ್ಚಿದ ವೈರಿನ ಹೆಡ್‌ಫೋನ್‌ ಕೂಡ ಒಳ್ಳೆಯದೇ. ಆಡಿಯೋ-ಟೆಕ್ನಿಕಾದ ಎಟಿಎಚ್‌-ಎಂ20ಎಕ್ಸ್‌ ಅಂಥದ್ದು. ಚಾರ್ಜ್‌ ಮಾಡುವ ಗೊಡವೆಯೇ ಇಲ್ಲ. ವೈರ್‌ ಮಾತ್ರ 3 ಮೀಟರ್‌ ಉದ್ದ, ಸುತ್ತಿ ಕಟ್ಟಿಡಬೇಕು.

ಆನ್‌ಲೈನ್‌ನಲ್ಲಿ ತಗೊಳ್ಳುವುದಾದರೆ ದುಡ್ಡು ವಾಪಸ್‌ ಕೊಡುತ್ತಾರಾ, ಬರೀ ಬದಲಿ ಪೀಸ್‌ ಕೊಡುತ್ತಾರಾ ಅಂತ ಓದಿ. ಕಿವಿಗೆ ಕೂರದಿದ್ದರೆ ಅದೇ ಮಾಡೆಲ್ಲಿನ ಇನ್ನೊಂದು ಪೀಸ್‌ ಬಂದು ಏನು ಪ್ರಯೋಜನ? ರಿಪೇರಿಗೆ ನಿಮ್ಮ ಪಿನ್‌ಕೋಡಿಗೆ ಬಂದು ತಗೊಂಡು ಹೋಗುತ್ತಾರಾ ಅನ್ನುವುದನ್ನೂ ಮೊದಲೇ ಕೇಳಿ.

ಮಳೆಗಾಲದ ಥಂಡಿಗೆ ದಿಂಬಿಗೆ ಬೂಷ್ಟು ಹಿಡಿಯುತ್ತದೆ. ಬೆವರು ಹೀರಿದ ರೆಕ್ಸಿನ್‌ ಒಂದು ವಾರ ಮೂಲೆಯಲ್ಲಿ ಬಿದ್ದಿದ್ದರೆ ಸಾಕು, ಬಿಳಿ ಬಿಳಿ ಚುಕ್ಕೆ. ಕೆಲಸ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ ಪೊಟ್ಟಣದ ಜೊತೆ ಇಡುತ್ತೇನೆ. ಅಡಿಗೆಮನೆಯ ಅಟ್ಟದ ಮೇಲೆ ಬೆಚ್ಚಗಿರುತ್ತದೆ ಅಂತ ಅತ್ತೆ ಹೇಳುತ್ತಾರೆ. ಕಂಬಳಿಗೆ ಅದು ಸರಿ, ಇದಕ್ಕೆ ಬೇಡ. ಶಾಖಕ್ಕೆ ಬ್ಯಾಟರಿ ಕೆಡುತ್ತದೆ, ಅಂಟು ಬಿಡುತ್ತದೆ.

ಮೀಟಿಂಗ್‌ ಇದ್ದಾಗ ಮಾತ್ರ ನಾನು ಈ ಹೆಡ್‌ಫೋನ್‌ನ ಮೈಕು ನಂಬುವುದಿಲ್ಲ. ಬಾಯಿಯ ಮುಂದೆ ಕಡ್ಡಿ ಬರುವ ವೈರಿನ ಹೆಡ್‌ಸೆಟ್‌ ಹಾಕುತ್ತೇನೆ. ಮೈಕು ಬಾಯಿಗೆ ಹತ್ತಿರ ಇದ್ದಷ್ಟೂ ಮಳೆ ಹಿಂದಕ್ಕೆ ಹೋಗುತ್ತದೆ. ಜೂಮ್‌ನ ಸೆಟ್ಟಿಂಗ್‌ನಲ್ಲಿ ಹಿನ್ನೆಲೆ ಸದ್ದು ಅಡಗಿಸುವುದನ್ನು ಹೈ ಮಾಡಿಕೊಂಡರೆ ಇನ್ನೂ ಅನುಕೂಲ.

ಸದ್ದು ತಡೆಯುವುದು ಬರೀ ಕೆಲಸದ ಅನುಕೂಲಕ್ಕೆ ಅಂತ ನಾನು ತಿಳಿದಿಲ್ಲ. ಮಳೆ ಜೋರಾದರೆ ನಾವು ಏನು ಮಾಡುತ್ತೇವೆ? ವಾಲ್ಯೂಮ್‌ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ತಾಸು, 80 ಡೆಸಿಬೆಲ್‌. ಮಕ್ಕಳಿಗೆ 75. ನನ್ನಂಥವರು ವಾರಕ್ಕೆ 40 ತಾಸು ಕೇಳಿಯೇ ಕೇಳುತ್ತೇವೆ. ಹೊರಗಿನ ಸದ್ದು ಇಳಿದರೆ ವಾಲ್ಯೂಮ್‌ ಕೆಳಗೇ ಇರುತ್ತದೆ. ನಮ್ಮ ಚಿಕ್ಕಪ್ಪ ವಯಸ್ಸಿದ್ದಾಗಿನಿಂದ ಅಕ್ಕಿ ಗಿರಣಿಯಲ್ಲಿ ದುಡಿದವರು. ಈಗ ಫೋನಿನಲ್ಲಿ ಅವರಿಗೆ ಏನಾದರೂ ಹೇಳಬೇಕು ಅಂದರೆ ಚಿಕ್ಕಮ್ಮನೇ ನಡುವೆ ನಿಂತು ಹೇಳಬೇಕು. ಸದ್ದಿನಿಂದ ಹೋದ ಕಿವಿ ವಾಪಸ್‌ ಬರುವುದಿಲ್ಲ.

ಅದಕ್ಕೇ ಇದೊಂದನ್ನು ತೋಟ ಇರುವವರೆಲ್ಲ ಕೇಳಿಸಿಕೊಳ್ಳಬೇಕು. ಕಳೆ ಹೊಡೆಯುವ ಯಂತ್ರದ ಸದ್ದು ಹಿಡಿದವರ ಕಿವಿಗೆ ಸುಮಾರು 100 ಡೆಸಿಬೆಲ್‌ ಹತ್ತಿರ ಬರುತ್ತದೆ. ಅಮೆರಿಕದ ನಯಾಶ್‌ ಅನ್ನುವ ಸರಕಾರಿ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್‌ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು, 100 ಡೆಸಿಬೆಲ್‌ ಆದರೆ ಬರೀ 15 ನಿಮಿಷ. ನಮ್ಮಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಬರಿಗಿವಿಯಲ್ಲಿ ಹೊಡೆಯುತ್ತಾರೆ. ಕೆಲವು ಹುಡುಗರು ಬಡ್ಸ್‌ ಹಾಕಿ ಹಾಡು ಕೇಳುತ್ತಾ ಹೊಡೆಯುತ್ತಾರೆ. ಯಂತ್ರದ ಸದ್ದಿನ ಮೇಲೆ ಹಾಡು ಕೇಳಬೇಕು ಅಂದರೆ ಅದಕ್ಕಿಂತ ಜೋರು ಬೇಕು, ಅಲ್ವಾ? ಹಾಡಿನ ಹೆಡ್‌ಫೋನ್‌ ಕಿವಿ ಕಾಯುವ ಸಾಮಾನಲ್ಲ. ಅದಕ್ಕೆ ಇಯರ್‌ಮಫ್‌ ಅಂತ ಬೇರೆಯೇ ಇದೆ, ಎನ್‌ಆರ್‌ಆರ್‌ ಅಂಕಿ ಬರೆದಿರುತ್ತದೆ, ಬ್ಯಾಟರಿ ಇಲ್ಲ, ಒಳ್ಳೆಯ ಎಎನ್‌ಸಿ ಹೆಡ್‌ಫೋನ್‌ಗಿಂತ ಎಷ್ಟೋ ಅಗ್ಗ. ಸುರಕ್ಷತಾ ಸಾಮಾನು ಮಾರುವ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಕೆಲಸಕ್ಕೆ ಬರುವವರ ಹತ್ತಿರ ಇರುವುದಿಲ್ಲ, ತೋಟದ ಮನೆಯವರೇ ಒಂದು ತಂದಿಡಬೇಕು. ಕೊನೆ ಇಳಿಸುವವರು ಮೇಲಿನಿಂದ ಕೂಗಿ ಎಚ್ಚರಿಸುವಾಗ ಮಾತ್ರ ಅದನ್ನೂ ತೆಗೆಯಬೇಕು, ಹೆಡ್‌ಫೋನ್‌ ಅಂತೂ ತೋಟದೊಳಗೆ ಬೇಡ. ನಾವು ತಂದಿಟ್ಟ ಇಯರ್‌ಮಫ್‌ ಕಳೆ ಯಂತ್ರದ ಹಿಡಿಗೇ ನೇತಾಡಿಸಿದ್ದೇವೆ. ಯಂತ್ರ ಎತ್ತಿಕೊಳ್ಳುವವರ ಕೈಗೆ ಅದೇ ಮೊದಲು ಸಿಗುತ್ತದೆ.